ಎಣ್ಣೆ ಕುಡಿದ ಎತ್ತುಗಳು

2058ರ ಬೇಸಗೆ. ಗದಗಿನ ಹಳೇ ಪೆಟ್ರೋಲ್ ಬಂಕಿನ ಹೊಂಡದಲ್ಲಿ ಮಣ್ಣು ಗುಳುಗುಳು ಎನ್ನುತ್ತಿತ್ತು. ಬಂಕು ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ನೆಲದೊಳಗಿನ ಟ್ಯಾಂಕು ತುಕ್ಕು ಹಿಡಿದು ಸೋರಿದ ಡೀಸೆಲ್ ಅಲ್ಲೇ ಇತ್ತು. ವಿಜ್ಞಾನಿ ಗಂಗಾಂಬಿಕೆ ಸಾಕಿದ ಬ್ಯಾಕ್ಟೀರಿಯಾ, ಅಂದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು, ಅದನ್ನು ತಿಂದು ಗುಳ್ಳೆ ಬಿಡುತ್ತಿದ್ದವು.

"ಎಣ್ಣಿ ತೀರಿದ ಮ್ಯಾಲ ಇವು ಏನ್ ತಿಂತಾವ್ರೀ ಮೇಡಮ್ಮಾರ?" ಪಕ್ಕದ ಮನೆಯ ಕುಂಬಾರ ನೀಲವ್ವ ಕೇಳಿದಳು. ಅವಳ ಬಾವಿಯೂ ಡೀಸೆಲ್ ನಾರುತ್ತಿತ್ತು. ಅದು ತಿಳಿಯಾದರೆ ಸಾಕು ಎಂದು ಹರಕೆ ಹೊತ್ತಿದ್ದಳು.

"ಹಸದು ಸಾಯ್ತಾವ ನೀಲವ್ವಾರ, ಚಿಂತಿ ಬಿಡ್ರಿ."

ಬಾವಿಗೂ ಅವನ್ನೇ ಬಿಟ್ಟದ್ದರಿಂದ ಅದೂ ತಿಳಿಯಾಯಿತು. ಊರೆಲ್ಲ ಗಂಗಾಂಬಿಕೆಯನ್ನು ಹೊಗಳಿದ್ದೇ ಹೊಗಳಿದ್ದು! ಹೊಂಡದ ಮಣ್ಣೂ ಬೆಣ್ಣೆಯಂತೆ ನುಣ್ಣಗಾಗಿತ್ತು. ಅಂಥ ಮಣ್ಣು ಕಂಡರೆ ಕುಂಬಾರರ ಕೈ ಸುಮ್ಮನಿರುತ್ತದೆಯೇ? ಮಣ್ಣೆತ್ತಿನ ಅಮಾವಾಸ್ಯೆಗೆ ನೀಲವ್ವ ಅದರಲ್ಲೇ ಎತ್ತು ಮಾಡಿ ವಾಡಿಕೆಯಂತೆ ಮನೆಮನೆಗೆ ಕೊಟ್ಟು ಬಂದಳು. ಪೂಜೆಯ ಈ ಎತ್ತುಗಳನ್ನು ಸುಡುವ ಪದ್ಧತಿಯಿಲ್ಲ, ಹಸಿಮಣ್ಣಿನವೇ ಆಗಬೇಕು.

ಕೆಲವೇ ದಿನಗಳಲ್ಲಿ ಅವಳು ಗಂಗಾಂಬಿಕೆಯ ಬಳಿ ಓಡಿಬಂದಳು. ನೀಲವ್ವನ ಗಂಡ ಈರಪ್ಪ ಶ್ವಾಸಕೋಶ ಕೆಟ್ಟು ಆಮ್ಲಜನಕದ ಪೈಪಿನಿಂದ ಉಸಿರಾಡಿಕೊಂಡಿದ್ದವನು. "ಪೈಪ್ ಕೊಳಿಯಾಕ ಹತ್ತೇತ್ರೀ! ಹೊಸಾದು ಹಾಕಿದ್ರ ಅದೂ ಕೊಳೀತೈತಿ!"

ಗಂಗಾಂಬಿಕೆ ಹೋಗಿ ನೋಡಿದರೆ, ಈರಪ್ಪನ ಹಾಸಿಗೆಯ ಮೇಲಿನ ಗೋಡೆಗೂಡಿನಲ್ಲಿ ಅದೇ ಮಣ್ಣಿನ ಜೋಡೆತ್ತು. ಕೆಳಗೆ ಪೈಪು ಮೆತ್ತಗಾಗಿ ಜೋತುಬಿದ್ದಿತ್ತು. ಗಂಗಾಂಬಿಕೆಗೆ ಎಲ್ಲ ಹೊಳೆಯಿತು. ಪ್ಲಾಸ್ಟಿಕ್ ಮಾಡುವುದೂ ಡೀಸೆಲ್ ಬರುವ ಕಚ್ಚಾ ಎಣ್ಣೆಯಿಂದಲೇ. ಹಸಿದ ಜೀವಿಗಳು ಸತ್ತಿರಲಿಲ್ಲ, ಹೊಸ ಊಟ ಕಲಿತಿದ್ದವು. ಓಣಿಯ ವಿದ್ಯುತ್ ತಂತಿಗಳ ಹೊದಿಕೆಯೂ ಆಗಲೇ ಕಳಚತೊಡಗಿತ್ತು.

ಎತ್ತುಗಳನ್ನೇನೋ ಮಡಕೆ ಸುಡುವ ಆವಿಗೆಯಲ್ಲಿಟ್ಟು ಸುಟ್ಟು, ಒಳಗಿನ ಜೀವಿಗಳನ್ನು ಕೊಂದರು. ಹೊಂಡದಲ್ಲಿ, ಬಾವಿಯ ತಳದಲ್ಲಿ ಹಸಿದು ಕೂತ ಕೋಟ್ಯಂತರ ಜೀವಿಗಳನ್ನು ಏನು ಮಾಡುವುದು? ಡೀಸೆಲ್ ಸಿಗುವಲ್ಲಿ ಅವು ಪ್ಲಾಸ್ಟಿಕ್ ಮುಟ್ಟುವುದಿಲ್ಲ, ಜಾಗ ಬಿಟ್ಟು ಹರಡುವುದೂ ಇಲ್ಲ. ಅವಕ್ಕೆ ಮತ್ತೆ ಡೀಸೆಲ್ ಉಣಿಸುವುದು, ಇದ್ದದ್ದು ಅದೊಂದೇ ದಾರಿ.

"ಅಂದ್ರ ನನ್ನ ಬಾವ್ಯಾಗ ನೀವಽ ಡೀಸೆಲ್ ಸುರೀತೀರೇನ್ರೀ?"

"ತಪ್ಪು ನಂದು, ನೀಲವ್ವಾರ." ಗಂಗಾಂಬಿಕೆಗೆ ತಲೆ ಎತ್ತಲಾಗಲಿಲ್ಲ.

ನೀಲವ್ವ ಗಂಡನ ಏದುಸಿರು ಕೇಳುತ್ತ ನಿಂತಳು. "ಸುರೀರಿ. ನನ್ನ ಮನಿಯಾಂವ ಉಳದ್ರ ಸಾಕು."

ಟ್ಯಾಂಕರ್ ಬಂತು. ತಿಳಿನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಪದರ ಹರಡಿತು. ಅಂದಿನಿಂದ ಟ್ಯಾಂಕರ್ ಬರುತ್ತಲೇ ಇದೆ. ಒಮ್ಮೆ ತಪ್ಪಿದರೂ ಅವಕ್ಕೆ ಹಸಿವಾಗುತ್ತದೆ.

ಬಂಕಿನ ನೆಲದೊಳಗಿನ ಆ ಟ್ಯಾಂಕು ಮೊದಲ ಹನಿ ಸೋರಿದಾಗ ಯಾರೋ ಮೂಗು ಮುಚ್ಚಿಕೊಂಡು, "ಇರ್ಲಿ ಬಿಡ್ರಿ" ಎಂದು ಗಾಡಿಗೆ ಎಣ್ಣೆ ತುಂಬಿಸಿಕೊಂಡು ಹೋದರಲ್ಲ, ಅದು ನಾವು ನೀವು ಬದುಕಿರುವ ಈ ಕಾಲದಲ್ಲೇ.