ಪುಡಿಯಾದ ಹಗ್ಗ

ಬಟ್ಟೆ ಬಿಳುಪು ಮಾಡುವ ಕಾರ್ಖಾನೆ, ಸೋಮವಾರ ಬೆಳಿಗ್ಗೆ. ಇಪ್ಪತ್ತಡಿ ಆಳದ ಖಾಲಿ ತೊಟ್ಟಿಯ ತಳದಲ್ಲಿ, ಎಲ್ಲರೂ ಮೀಸೆ ಮಾವ ಎನ್ನುತ್ತಿದ್ದ ಹಳೆಯ ಕೆಲಸಗಾರ ಸತ್ತುಬಿದ್ದಿದ್ದ. ತೊಳೆಯಲು ಇಳಿಯುವಾಗ ಸೊಂಟಕ್ಕೆ ಕಟ್ಟಿಕೊಂಡಿದ್ದ ಹತ್ತಿಯ ಹಗ್ಗ ನಡುವೆಯೇ ತುಂಡಾಗಿತ್ತು. ಮೇಲೆ ನಿಂತು ಅದನ್ನು ಹಿಡಿದಿದ್ದವನು ಲ್ಯಾಬಿನಲ್ಲಿ ಬಟ್ಟೆ ಪರೀಕ್ಷಿಸುವವಳ ಅಣ್ಣ. ಅವನ ಜೇಬಿನಲ್ಲಿ ಚಾಕು ಸಿಕ್ಕಿತು. ಶನಿವಾರ ಅವನೂ ಮೀಸೆ ಮಾವನೂ ಕೈ ಕೈ ಮಿಲಾಯಿಸಿದ್ದನ್ನು ಎಲ್ಲರೂ ನೋಡಿದ್ದರು.

ಇನ್‌ಸ್ಪೆಕ್ಟರ್ ಅವನನ್ನು ಗೋದಾಮಿಗೆ ತಳ್ಳಿ ಚಿಲಕ ಹಾಕಿಸಿದರು. ಗೇಟೂ ಮುಚ್ಚಿತು.

"ನಾನಲ್ಲ ಕಣೇ!" ಅಣ್ಣ ಒಳಗಿನಿಂದ ಬಾಗಿಲು ಗುದ್ದುತ್ತಿದ್ದ. ತಂಗಿ ಚಿಲಕದತ್ತ ಕೈ ಚಾಚಲಿಲ್ಲ. ಅವನ ಮುಂಗೋಪ ಅವಳಿಗೆ ಗೊತ್ತಿಲ್ಲದ್ದೇ?

* * *

ಲ್ಯಾಬಿನಲ್ಲಿ ಇನ್‌ಸ್ಪೆಕ್ಟರ್ ಎದುರೇ ಹಗ್ಗದ ತುಂಡಾದ ತುದಿಯನ್ನು ಅವಳು ಬೆರಳಲ್ಲಿ ಹೊಸಕಿದಳು. ಎಳೆಗಳು ರಸ್ಕಿನಂತೆ ಪುಡಿಯಾದವು. ಒದ್ದೆ ಮಾಡಿ ನೀಲಿ ಲಿಟ್ಮಸ್ ಒತ್ತಿದಳು. ಕೆಂಪಾಯಿತು.

"ಸರ್, ಇದು ಚಾಕು ಕೆಲಸ ಅಲ್ಲ. ಆಸಿಡ್."

"ಆಸಿಡ್ ನಿನ್ನ ಲ್ಯಾಬಲ್ಲೂ ಇದೆ ಅಲ್ವೇನಮ್ಮಾ?" ಜೊತೆಗೆ ಬಂದಿದ್ದ ಕಾರ್ಖಾನೆಯ ಸೂಪರ್‌ವೈಸರ್ ಮೆಲ್ಲಗೆ ಕೇಳಿದ. "ಅಣ್ಣ ತಂಗಿ ಸೇರ್ಕೊಂಡೇ ಮಾಡಿದ್ರೋ ಏನೋ."

ಇನ್‌ಸ್ಪೆಕ್ಟರ್ ಅವಳನ್ನೇ ದಿಟ್ಟಿಸಿದರು. ಪೇದೆಯೊಬ್ಬ ಬಾಗಿಲಿಗೆ ಅಡ್ಡ ನಿಂತ. ಅಣ್ಣನನ್ನು ಬಿಡಿಸಲು ಹೋಗಿ ತಾನೇ ಬಲೆಗೆ ಬಿದ್ದಿದ್ದಳು.

"ಐದು ನಿಮಿಷ ಕೊಡಿ ಸರ್. ನನ್ನ ಜೊತೇನೇ ಬನ್ನಿ."

* * *

ಬಟ್ಟೆ ಒಣಗಿಸುವ ಕೋಣೆಯ ಗೋಡೆಯಲ್ಲೊಂದು ಯಂತ್ರ. ಒಳಗಿನ ಶಾಖವನ್ನು ಅದು ದುಂಡನೆಯ ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ಭಾನುವಾರ ರಜೆ, ಗೆರೆ ಕೆಳಗೇ ಇರಬೇಕಿತ್ತು. ಆದರೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅದು ನೂರಹತ್ತು ಡಿಗ್ರಿಯಲ್ಲಿ ನಿಂತಿದ್ದುದನ್ನು ಅವಳು ತೋರಿಸಿದಳು.

"ಶನಿವಾರ ಸಂಜೆ ಇದೇ ಹಗ್ಗ ತೊಟ್ಟಿಯ ಕಬ್ಬಿಣದ ಮುಚ್ಚಳ ಎತ್ತಿದೆ, ಆಗ ಗಟ್ಟಿಯಾಗೇ ಇತ್ತು. ತೆಳು ಆಸಿಡ್ ತಣ್ಣಗಿದ್ರೆ ಒಂದೇ ದಿನದಲ್ಲಿ ಇಷ್ಟು ಹಾಳುಮಾಡಲ್ಲ. ಬಿಸಿಗೆ ನೀರು ಆರಿ ಆಸಿಡ್ ತೀಕ್ಷ್ಣ ಆಗುತ್ತೆ, ಹತ್ತಿ ಸತ್ತೇ ಹೋಗುತ್ತೆ. ನೋಡೋಕೆ ಮಾತ್ರ ಗೊತ್ತಾಗಲ್ಲ. ಲ್ಯಾಬಿನ ಪುಟ್ಟ ಒಲೆಯಲ್ಲಿ ಅಂಗೈಯಗಲದ ಬಟ್ಟೆ ಹಿಡಿದ್ರೇ ಹೆಚ್ಚು, ಇಡೀ ಹಗ್ಗ ಹಿಡಿಯಲ್ಲ. ಆಸಿಡ್ ಎಲ್ಲರ ಕೈಗೂ ಸಿಗುತ್ತೆ ಸರ್. ಈ ಕೋಣೆಯ ಕೀಲಿ ಇರೋದು ಒಬ್ಬರ ಹತ್ರ."

ಎಲ್ಲರೂ ಸೂಪರ್‌ವೈಸರ್‌ನತ್ತ ತಿರುಗಿದರು.

"ಭಾನುವಾರ ನಾನು ಈ ಕಡೆ ತಲೇನೇ ಹಾಕಿಲ್ಲ!"

"ಊಟ ಆದ್ಮೇಲೆ ಬಂದಿದ್ರಲ್ಲ ಸಾರ್," ಗೇಟಿನ ಕಾವಲುಗಾರ ಬಾಯಿಬಿಟ್ಟ.

ಸೂಪರ್‌ವೈಸರ್ ಕೀಲಿಗೊಂಚಲನ್ನು ಇನ್‌ಸ್ಪೆಕ್ಟರ್ ಕೈಗಿಟ್ಟ. "ಹೋದ ತಿಂಗಳು ಬೆಂಕಿ ಬಿದ್ದಾಗ ಹಿಂಬಾಗಿಲಿಗೆ ಬೀಗ ಹಾಕ್ಸಿದ್ದು ನಾನೇ. ಇಬ್ಬರು ಹೆಣ್ಮಕ್ಕಳು ಹೊರಗೆ ಬರೋಕಾಗದೆ ಸತ್ರು. ಮೀಸೆ ನೋಡಿದ್ದ. ವಿಚಾರಣೇಲಿ ಹೇಳ್ತೀನಿ ಅಂತ ಹಟ ಹಿಡಿದ. ಅದಕ್ಕೇ ಹಗ್ಗಾನ ಆಸಿಡಲ್ಲಿ ನೆನೆಸಿ ಒಣಗಿಸಿ, ಅವನ ಜೊತೆ ಜಗಳ ಆಡಿದವನ ಕೈಗೇ ಕೊಟ್ಟೆ."

* * *

ಚಿಲಕ ತೆಗೆದದ್ದು ತಂಗಿಯೇ. ಅಣ್ಣನ ಗೆಣ್ಣುಗಳಲ್ಲಿ ರಕ್ತ.

"ನೀನೂ ನನ್ನ ಮೇಲೆ ಅನುಮಾನ ಪಟ್ಯಾ?"

ಸುಳ್ಳು ಹೇಳಬಹುದಿತ್ತು.

"ಹಗ್ಗ ಮುಟ್ಟೋವರೆಗೂ," ಎಂದಳು.

ಅವನು ಅವಳನ್ನು ದಾಟಿ ತೊಟ್ಟಿಯತ್ತ ನಡೆದ. ಮೀಸೆ ಮಾವನನ್ನು ಇನ್ನೂ ಮೇಲೆತ್ತಿರಲಿಲ್ಲ.