ಗಣಿಯ ಅಂಚಿನಲ್ಲಿ ಒಂದು ಕೈ

ಪರದೆಯ ಮೇಲೆ ಬಂಡೆಪ್ಪ ಕಣ್ಣು ಮಿಟುಕಿಸಿದ. ನೀಲಗಂಗಾ ಪರದೆಯತ್ತ ಬಾಗಿದಳು.

ಅವಳ ಗಂಡ ಬಂಡೆಪ್ಪ ಹಾಸುಗಲ್ಲಿನ ಗಣಿಗೆ ಬಿದ್ದು ಸತ್ತಾಗ ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅಪ್ಪ ನಗುವುದನ್ನು ಮಗಳಿಗೆ ಒಮ್ಮೆಯಾದರೂ ತೋರಿಸಬೇಕೆಂದು, ಅವನು ಸತ್ತ ದಿನ ಗಣಿಯ ಅಂಚಿನಲ್ಲಿ ನಿಂತು ತೆಗೆಸಿಕೊಂಡಿದ್ದ ಫೋಟೊವನ್ನು ಹಿಡಿದು ಕಲಬುರಗಿಗೆ ಬಂದಿದ್ದಳು.

'ಚಲನಪೂರಕ'ವೆಂಬ ಆ ಯಂತ್ರವನ್ನು ನಿರ್ಮಿಸಿದವರು ಡಾ. ಇಂದುಮತಿ. ಸ್ಥಿರಚಿತ್ರದ ನೆರಳು, ಬಟ್ಟೆಯ ಸುಕ್ಕು, ಸ್ನಾಯುಗಳ ಬಿಗುವನ್ನು ಅಳೆದು, ಮುಂದಿನ ಕೆಲವು ಕ್ಷಣಗಳನ್ನು ಅದು ಊಹಿಸಿ ವಿಡಿಯೊ ಮಾಡುತ್ತಿತ್ತು. ಅದಕ್ಕೆ ರಾಯಧನವಿಲ್ಲ, ಯಾರ ಅನುಮತಿಯೂ ಬೇಡ. 'ಮುಕ್ತರೂಪ'ದ ಆ ವಿಡಿಯೊ ಯಾವ ಫೋನಿನಲ್ಲಾದರೂ ತೆರೆದುಕೊಳ್ಳುತ್ತಿತ್ತು. ತಯಾರಾದ ಕೂಡಲೇ ಸಾರ್ವಜನಿಕ ಭಂಡಾರವನ್ನು ಸೇರುತ್ತಿತ್ತು. ಬಡವರ ನೆನಪಿಗೆ ಯಾವ ಕಂಪನಿಯೂ ಬೀಗ ಹಾಕಬಾರದೆಂಬುದು ಇಂದುಮತಿಯವರ ಹಟ.

ಬಂಡೆಪ್ಪ ನಕ್ಕ. ಪಕ್ಕದಲ್ಲಿ ನಿಂತ ತಮ್ಮ ಮಾಳಪ್ಪನ ಕೈ ಅಣ್ಣನ ಬೆನ್ನ ಮೇಲಿತ್ತು. ಆ ಕೈ ಮುಂದಕ್ಕೆ ಚಾಚಿತು. ಬಂಡೆಪ್ಪ ಅಂಚಿನಿಂದ ಮರೆಯಾದ.

"ಮೇಡಂ, ಅವ ನೂಕಿದ!" ನೀಲಗಂಗಾ ಚೀರಿದಳು.

"ಇಲ್ಲಮ್ಮ, ಅದು ಬರೀ ಯಂತ್ರದ ಊಹೆ. ಫೋಟೊದಲ್ಲಿ ಇಲ್ಲದ್ದನ್ನು ತಾನೇ ತುಂಬಿಕೊಂಡಿದೆ."

"ಕೈ ಇದ್ದದ್ದರ ಖರೇನ ಅಲ್ಲೇನ್ರಿ?"

ಇಂದುಮತಿ ಯಂತ್ರವನ್ನು ಮತ್ತೊಮ್ಮೆ ಓಡಿಸಿದರು. ಈ ಬಾರಿ ಅದೇ ಕೈ ಬಂಡೆಪ್ಪನನ್ನು ಹಿಂದಕ್ಕೆ ಎಳೆದುಕೊಂಡಿತು.

"ಇದರಾಗ ಯಾವುದು ಖರೆ?"

"ಎರಡೂ ಅಲ್ಲ."

ನೀಲಗಂಗಾಳಿಗೆ ಅರ್ಥವಾಯಿತು. ಆದರೆ ಅವಳು ಬಸ್ಸಿಳಿಯುವ ಹೊತ್ತಿಗೆ ಯಾರೋ ಭಂಡಾರದಿಂದ ಇಳಿಸಿ ಹಂಚಿದ್ದ ಮೊದಲನೆಯ ವಿಡಿಯೊವನ್ನು ಊರೆಲ್ಲ ನೋಡಿಯಾಗಿತ್ತು. ಇಂದುಮತಿ ಅದನ್ನು ಭಂಡಾರದಿಂದ ಅಳಿಸಿದರು. ಜನರ ಫೋನಿನಲ್ಲಿದ್ದ ಪ್ರತಿಗಳನ್ನು ಹಿಂದಕ್ಕೆ ಪಡೆಯುವ ದಾರಿಯನ್ನು ಅವರೇ ಇಟ್ಟಿರಲಿಲ್ಲ. ಎರಡನೆಯದನ್ನು ಯಾರೂ ನೋಡಲಿಲ್ಲ.

ಮಾಳಪ್ಪ ಮದುವೆಯಾಗದೆ ಅತ್ತಿಗೆಯ ಮನೆಯನ್ನು ಸಾಕಿದವನು. "ಫೋಟೊ ಹೊಡದವ ಹೋದ ಮ್ಯಾಲ ನಾ ನೀರ ತರ್ಲಾಕ ಹೋಗಿದ್ದೆ ವೈನಿ. ತಿರುಗಿ ಬರೂದ್ರಾಗ ಅಣ್ಣ ಇರಲಿಲ್ಲ" ಎಂದು ಅತ್ತ.

"ನನಗ ಗೊತ್ತದಪ್ಪ. ನೀ ಆ ಫೋನ್ ಕೆಳಗಿಡು."

ಅವನು ಇಡಲಿಲ್ಲ. ಚಹಾದಂಗಡಿಯವನು ಅವನಿಗೆ ಲೋಟ ಕೊಡುವುದನ್ನು ನಿಲ್ಲಿಸಿದ. ಗಣಿಯಲ್ಲಿ ಅವನ ಪಕ್ಕ ಯಾರೂ ನಿಲ್ಲಲಿಲ್ಲ. ಮಾಳಪ್ಪ ಮನೆಯ ಮೂಲೆಯಲ್ಲಿ ಕುಳಿತು ಆ ವಿಡಿಯೊವನ್ನೇ ತಿರುತಿರುಗಿ ನೋಡತೊಡಗಿದ.

ಕೊನೆಗೆ ನೀಲಗಂಗಾ ಇಂದುಮತಿಯವರನ್ನೇ ಕರೆತಂದಳು. "ಅದು ನಿಮ್ಮ ಕೈಯಲ್ಲ, ಮಾಳಪ್ಪ. ನನ್ನ ಯಂತ್ರದ ಲೆಕ್ಕಾಚಾರ" ಎಂದರು ಅವರು.

ಮಾಳಪ್ಪ ತನ್ನ ಅಂಗೈಯನ್ನು ನೋಡಿಕೊಂಡ. "ನೀರ ತರ್ಲಾಕ ಹೋದದ್ದು ಈಗ ನೆನಪಾಗವಲ್ದ್ರಿ ಮೇಡಂ. ನೂಕಿದ್ದಷ್ಟ ಕಾಣತದ. ಅಂಗಿ ಮ್ಯಾಲಿಂದನೂ ಅಣ್ಣನ ಬೆನ್ನು ಬಿಸಿ ಹತ್ತಿತ್ತು."

ವಿಡಿಯೊದಲ್ಲಿ ಬಿಸಿ ಇರುವುದಿಲ್ಲ. ಮಾಳಪ್ಪ ಎದ್ದು ಹೊರಟ. ನೀಲಗಂಗಾ ಅವನ ತೋಳು ಹಿಡಿದು ಜಗ್ಗಿದಳು. ಅವನು ಮೆಲ್ಲಗೆ ಬಿಡಿಸಿಕೊಂಡ.

ಠಾಣೆಯಲ್ಲಿ ಅವನು ಕೊಟ್ಟ ಹೇಳಿಕೆ ವಿಡಿಯೊಗೆ ಚೂರೂ ವ್ಯತ್ಯಾಸವಿಲ್ಲದೆ ಹೊಂದಿಕೊಂಡಿತು. ತನಿಖಾಧಿಕಾರಿಗೆ ಅಷ್ಟೇ ಸಾಕಾಯಿತು.