ಪದ್ಮಲೆಯ ಜಡೆಬಳೆ

ಬಹಳ ಹಿಂದೆ, ಹಾವು ಕರಡಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಸುರಗಿಪುರವೆಂಬ ರಾಜ್ಯವಿತ್ತು. ಅಲ್ಲಿನ ಕಟ್ಟಳೆ ಸರಳ. ಗೌರಿ ಹಬ್ಬದ ದಿನ ಪಟ್ಟದ ರಾಣಿಯ ಜಡೆಗೆ ಚಿನ್ನದ ಬಳೆ ತೊಡಿಸಬೇಕು. ಬಳೆ ನಿಂತರೆ ರಾಜ್ಯಕ್ಕೆ ಮಳೆ ಬೆಳೆ. ಜಾರಿ ಬಿದ್ದರೆ ರಾಜನಿಗೆ ಹೊಸ ರಾಣಿ, ಹಳೆಯ ರಾಣಿಗೆ ಊರಾಚೆಯ ಮಹಲು.

ಹಬ್ಬ ಹತ್ತಿರ ಬಂದಾಗ ರಾಣಿ ಪದ್ಮಲೆಯ ಕೂದಲು ಉದುರತೊಡಗಿತು. ದಿಂಬಿನ ಮೇಲೆ, ಬಾಚಣಿಗೆಯಲ್ಲಿ, ಬಚ್ಚಲಲ್ಲಿ, ಎಲ್ಲೆಲ್ಲೂ ಕೂದಲೇ. ಅರಮನೆಯವರು ಸೀಗೆಕಾಯಿ ಬದಲಿಸಿದರು, ಎಣ್ಣೆ ಬದಲಿಸಿದರು, ಕೊನೆಗೆ ಬಾವಿಯನ್ನೇ ಬದಲಿಸಿದರು. ರಾಣಿಯನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಇದು ಮಾಂತ್ರಿಕ ಗೂಬೆಗಣ್ಣನ ಕಳ್ಳತನವೆಂದು ಮಂತ್ರಿ ತೀರ್ಮಾನಿಸಿದ.

ಸೈನ್ಯ ಹಬ್ಬದ ಮೆರವಣಿಗೆಯ ತಾಲೀಮಿನಲ್ಲಿತ್ತು. ಹಾಗಾಗಿ ರಾಣಿಯ ತಂಗಿ ಕೇತವ್ವ ಕತ್ತಿ ಹಿಡಿದು ಹೊರಟಳು.

"ಭಾವ, ಅಕ್ಕನ ಕೂದಲು ತಂದೇ ತರ್ತೀನಿ."

"ಹಬ್ಬಕ್ಕೆ ಮುಂಚೆ ಬಾರಮ್ಮ" ಎಂದ ರಾಜ. ಅವನಿಗೆ ಹೆಂಡತಿಯ ಮೇಲೆ ಪ್ರೀತಿಯಿತ್ತು, ಕಟ್ಟಳೆಯ ಬಗ್ಗೆ ಭಯವಿತ್ತು.

ಹೊಳೆಯ ದಡದಲ್ಲಿ ಏಳು ಹೆಡೆಯ ಸರ್ಪ ಅಡ್ಡಬಂತು. "ನನ್ನ ನೆತ್ತಿಯ ಮಣಿ ಕೀಳು, ದಾಟಿಸ್ತೀನಿ."

ಕೇತವ್ವ ತಾನು ಬಂದ ಕಾರಣ ಹೇಳಿ, ಕೈ ಸುಟ್ಟುಕೊಂಡು ಮಣಿ ಕಿತ್ತಳು. ಅದರಡಿಯ ಚರ್ಮ ಬೋಳಾಗಿತ್ತು.

"ಭಾರ ಎಳೆದ ಕಡೆ ಏನೂ ಉಳಿಯೋದಿಲ್ಲ ಹುಡುಗಿ. ನಿಮ್ಮಕ್ಕನ ಜಡೆಗೇನು ಕಟ್ತೀರಿ?"

"ಬಂಗಾರದ ಜಡೆನಾಗರ. ಬೆಳಗಿನಿಂದ ರಾತ್ರಿಯವರೆಗೆ."

"ನಾಗರನೇ! ಮತ್ತೆ ದೂರು ಮಾತ್ರ ನಮ್ಮ ಮೇಲೆ" ಎಂದು ಸರ್ಪ ಅವಳನ್ನು ದಾಟಿಸಿತು.

ಬೆಟ್ಟದಲ್ಲಿ ಕರಡಿ ಅಡ್ಡಬಂತು. ಮೈಯೆಲ್ಲ ಬೋಳು ಬೋಳು. "ಜೇನು ತಂದುಕೊಡು, ಬಿಡ್ತೀನಿ."

ಕೇತವ್ವ ಹುಳ ಕಚ್ಚಿಸಿಕೊಂಡು, ಮುಖ ಊದಿಸಿಕೊಂಡು ಜೇನು ತಂದು, ಅಕ್ಕನ ಕಥೆ ಹೇಳಿದಳು. ಬಾಯಿ ಒರೆಸಿಕೊಂಡು ಕರಡಿ ಹೇಳಿತು: "ಬೇಸಿಗೆಯೆಲ್ಲ ಹಸಿದಿದ್ದೆ. ಹೊಟ್ಟೆಗಿಲ್ಲದಿದ್ದರೆ ಕೂದಲಿಗೆ ಎಲ್ಲಿಂದ? ನಿಮ್ಮಕ್ಕ ಏನು ತಿಂತಾಳೆ?"

"ಗಂಡುಮಗು ಆಗಲಿ ಅಂತ ವಾರದಲ್ಲಿ ಐದು ದಿನ ಉಪವಾಸ."

"ಅರಮನೆಯಲ್ಲೂ ಬರವೇ?" ಕರಡಿಗೆ ನಿಜಕ್ಕೂ ಮರುಕವಾಯಿತು.

ಬೆಟ್ಟದ ತುದಿಯಲ್ಲಿ ಗೂಬೆಗಣ್ಣನ ಗವಿ. ಕೇತವ್ವ ಕತ್ತಿ ಎತ್ತಿದಳು. "ಕೂದಲು ಕೊಡು, ಕಳ್ಳ!"

ಮುಚ್ಚಿದ ಬಾಗಿಲಿನ ಹಿಂದಿನಿಂದ ದಣಿದ ದನಿ ಬಂತು. "ತೆಂಗಿನಕಾಯಿ ಬಿದ್ದರೂ ನನ್ನನ್ನೇ ಬೈತೀರಿ. ಕೇಳು ಮಗಳೇ, ತಲೆಗೆ ಸುದ್ದಿ ತಡವಾಗಿ ಮುಟ್ಟುತ್ತೆ. ಇವತ್ತು ಉದುರಿದ ಕೂದಲು ಎರಡು ಮೂರು ತಿಂಗಳ ಹಿಂದೆಯೇ ಬೇರು ಕಳಚಿಕೊಂಡಿರುತ್ತೆ. ಆಗ ನಿಮ್ಮನೆಯಿಂದ ಹೋದವರು ಯಾರು? ಹೆಸರು ಹೇಳು, ಬಾಗಿಲು ತೆರೀತೀನಿ."

ಕೇತವ್ವ ಬಾಯಿ ತೆರೆದಳು. ಹೇಳಲು ಹೆಸರಿರಲಿಲ್ಲ.

ಹೋದದ್ದು ಅಕ್ಕನ ಹೆಣ್ಣುಕೂಸು. ನಾಮಕರಣಕ್ಕೆ ಮುಂಚೆಯೇ ಹೋಯಿತು. ಹೆಸರಿಲ್ಲದ ಕೂಸಿಗೆ ಅಳುವುದು ಅರಮನೆಯಲ್ಲಿ ರೂಢಿಯಿಲ್ಲ. ಹಿತ್ತಿಲ ಸುರಗಿ ಮರದಡಿ ಹೂತು, ಮರುದಿನವೇ ರಾಣಿಯನ್ನು ದರ್ಬಾರಿಗೆ ಕೂರಿಸಿದ್ದರು. ಅಂದು ಜಡೆ ಹೆಣೆದವಳು ಕೇತವ್ವ. "ಅಳಬೇಡ ಅಕ್ಕ, ಕಾಡಿಗೆ ಹರಡುತ್ತೆ" ಎಂದವಳೂ ಅವಳೇ.

ಕತ್ತಿ ಕೆಳಗೆ ಬಿತ್ತು. ಅವಳು ಅಲ್ಲೇ ಕೂತು ಅತ್ತಳು.

"ಇನ್ನು ಒಳಗೆ ಬರೋ ಅಗತ್ಯವಿಲ್ಲ. ಮನೆಗೆ ಹೋಗು" ಎಂದಿತು ದನಿ.

ಹಬ್ಬದ ಬೆಳಿಗ್ಗೆ ಕೇತವ್ವ ಅರಮನೆ ಮುಟ್ಟಿದಾಗ ರಾಜನೇ ಬಳೆ ತೊಡಿಸುತ್ತಿದ್ದ. ಬಳೆ ಜಾರಿತು, ಕಲ್ಲಿನ ಮೇಲೆ ಉರುಳುತ್ತಾ ಹೋಯಿತು.

ಕೇತವ್ವ ಓಡಿಹೋಗಿ ಅಕ್ಕನ ಜಡೆನಾಗರ ಬಿಚ್ಚಿದಳು. "ಅಕ್ಕ, ಕೂಸಿಗೆ ಮನಸ್ಸಲ್ಲಿ ಏನು ಹೆಸರಿಟ್ಟಿದ್ದೆ?"

ಪದ್ಮಲೆ ಹಿತ್ತಿಲ ಕಡೆ ತಿರುಗಿದಳು. "ಇರುವಂತಿ" ಎಂದಳು. ಆಮೇಲೆ ಕಾಡಿಗೆ ಹರಡಿತು. ದರ್ಬಾರಿನ ಕಂಬಗಳು ನಡುಗುವಂತೆ ಅತ್ತಳು.

ರಾಜ ಬಳೆ ಎತ್ತಿಕೊಂಡ, ಹಿತ್ತಿಲಿಗೆ ನಡೆದ, ಸುರಗಿ ಮರದಡಿ ತನ್ನ ಕೈಯಿಂದಲೇ ಮಣ್ಣು ತೋಡಿ ಅದನ್ನು ಮಗಳ ಬಳಿ ಇಟ್ಟ.

ಮಂತ್ರಿ ಗಾಬರಿಯಾದ. "ಪ್ರಭು, ಬಳೆಯಿಲ್ಲದೆ ಕಟ್ಟಳೆ ನಡೆಸೋದು ಹೇಗೆ?"

"ಅದೇ ನನಗೂ ತಿಳೀತಿಲ್ಲ" ಎಂದ ರಾಜ, ಕೆನ್ನೆ ಒರೆಸಿಕೊಳ್ಳುತ್ತಾ.

ಕಟ್ಟಳೆ ಅಲ್ಲಿಗೆ ಸತ್ತಿತು. ಮಳೆ ಎಂದಿನಂತೆ ಬಂತು. ಪದ್ಮಲೆ ಹೊಟ್ಟೆತುಂಬ ಉಂಡಳು, ಬೇಕೆನಿಸಿದಾಗ ಅತ್ತಳು. ಸುರಗಿಪುರದಲ್ಲಿ ಎಲ್ಲರೂ ಸುಖವಾಗಿದ್ದರು. ರಾಣಿಯೂ ಇದ್ದಳು, ಆದಷ್ಟು.

ಚಳಿಗಾಲದ ಒಂದು ಬೆಳಿಗ್ಗೆ ತಲೆ ಬಾಚುತ್ತಿದ್ದಾಗ, ಅಕ್ಕನ ಹಣೆಯಂಚಿನ ಹೊಸ ಕೂದಲು ಕೇತವ್ವನ ಬೆರಳಿಗೆ ತಾಗಿತು. ಎಳೆಗೂಸಿನ ತಲೆಯಷ್ಟೇ ಮೆತ್ತಗಿತ್ತು.

"ಯಾಕೆ ಕೈ ನಿಲ್ಲಿಸಿದೆ ಕೇತೂ?"

"ಸಿಕ್ಕಿದೆ ಅಕ್ಕ."

ಅಷ್ಟು ಗಿಡ್ಡ ಕೂದಲಲ್ಲಿ ಸಿಕ್ಕು ಕಟ್ಟುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಬಿಡಿಸು, ನಿಧಾನ" ಎಂದಳು ಪದ್ಮಲೆ.